ಜೇಡಕ್ಕೊಂದು ಲೆನ್ಸ್ ಹುಡುಕುತ್ತಾ ಟಿ. ನಗರಕ್ಕೆ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ರೈಲು ಮಧ್ಯಾಹ್ನ ಚೆನ್ನೈ ಸೆಂಟ್ರಲ್ ಮುಟ್ಟಿತು. ಅಲ್ಲಿಂದ ರಸ್ತೆ ದಾಟಿ ಪಾರ್ಕ್ ಸ್ಟೇಷನ್ನಿಗೆ ನಡೆದು, ಐದು ರೂಪಾಯಿ ಟಿಕೆಟ್ಟಿನಲ್ಲಿ ಲೋಕಲ್ ರೈಲು ಹಿಡಿದು ಕೋಡಂಬಾಕ್ಕಂನಲ್ಲಿ ಇಳಿದೆ. ಮಾರ್ಚ್ ಇನ್ನೂ ಮುಗಿದಿರಲಿಲ್ಲ. ಆದರೂ ಸ್ಟೇಷನ್ ಮೆಟ್ಟಿಲು ಹತ್ತುವಷ್ಟರಲ್ಲಿ ರವಿಕೆ ಬೆನ್ನಿಗೆ ಅಂಟಿತ್ತು.

ನಾನು ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕಾಲೇಜಿನ ಹಿಂದಿನ ಹಳೇ ಕಲ್ಲಿನ ಗೋಡೆಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಜಿಗಿಯುವ ಜೇಡಗಳಿವೆ. ಮೂರು ವರ್ಷದಿಂದ ಅವುಗಳ ಫೋಟೋ ತೆಗೆಯುತ್ತಿದ್ದೇನೆ. ನನ್ನ ಲೆಕ್ಕಕ್ಕೆ ಹನ್ನೊಂದು ಬಗೆ. ಆದರೆ ಜೇಡಗಳನ್ನು ಬಲ್ಲ ಸಂಶೋಧಕರೊಬ್ಬರಿಗೆ ಕಳಿಸಿದಾಗ, "ಬಣ್ಣ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಮುಖ ಸ್ಪಷ್ಟವಿಲ್ಲದೆ ಹೆಸರು ಹೇಳಲಾರೆ" ಎಂದು ಬರೆದರು. ಬೇಸಿಗೆ ರಜೆಯಲ್ಲಿ ಹೊಸ ಕಟ್ಟಡಕ್ಕಾಗಿ ಆ ಗೋಡೆ ಒಡೆಯುತ್ತಾರೆ. ನನಗಿದ್ದದ್ದು ಒಂದೇ ತಿಂಗಳು. ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ಚೆನ್ನೈನ ಟಿ. ನಗರದ ವಾಸುದೇವ ಎಂಬವರ ಜಾಹೀರಾತು ಕಣ್ಣಿಗೆ ಬಿತ್ತು: ಸಣ್ಣದನ್ನು ದೊಡ್ಡದಾಗಿ ತೋರಿಸುವ ಅರವತ್ತು ಎಂಎಂ ಮ್ಯಾಕ್ರೋ ಲೆನ್ಸ್, ಅರ್ಧ ಬೆಲೆ, ನನ್ನ ಕ್ಯಾಮೆರಾಕ್ಕೆ ಹೊಂದುವಂಥದ್ದು. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಿದರು. "ಲೆನ್ಸನ್ನು ಕೊರಿಯರಲ್ಲಿ ತಗೊಳ್ಬಾರ್ದು, ಬಂದು ಕೈಯಲ್ಲಿ ಹಿಡಿದು ನೋಡಿ" ಎಂದರು.

ರಾತ್ರಿ ಉಳಿದದ್ದು ಚಿಕ್ಕಪ್ಪನ ಮಗಳು ಸುಮಾಳ ಮನೆಯಲ್ಲಿ. ಅವಳು ಮದುವೆಯಾಗಿ ಕೋಡಂಬಾಕ್ಕಂ ಸೇರಿ ಇಪ್ಪತ್ತು ವರ್ಷವಾಯಿತು. ಗಂಡನದು ಜವಳಿ ವ್ಯಾಪಾರ. ರೊಟ್ಟಿ ಬಡಿಸುತ್ತಾ, "ಜೇಡದ ಫೋಟೋಕ್ಕೆ ಇಷ್ಟು ದೂರನಾ ಅಕ್ಕಾ? ನಮ್ಮ ಬಾತ್‌ರೂಮಿನಾಗೆ ಸುಮ್ಮಾ ಸಿಗ್ತಾವೆ, ತಗೊಂಡು ಹೋಗು" ಎಂದು ತಮಿಳು ಬೆರೆಸಿ ಹೇಳಿ ನಕ್ಕಳು.

ಮರುದಿನ ಮುಂದಿನ ಸ್ಟೇಷನ್ನಾದ ಮಾಂಬಲಂನಲ್ಲಿ ಇಳಿದು, ಸೀರೆ ಅಂಗಡಿಗಳ ನೂಕುನುಗ್ಗಲು ದಾಟಿ ವಾಸುದೇವರ ಮನೆ ಹುಡುಕಿದೆ. ಒಡವೆ ಅಂಗಡಿಯೊಂದರ ಹಿಂದಿನ ಓಣಿ, ಎರಡನೇ ಮಹಡಿ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಅವರ ತಂದೆ ಉಡುಪಿ ಕಡೆಯಿಂದ ಹೋಟೆಲ್ ಅಡುಗೆಗೆಂದು ಬಂದವರು. ಇವರು ಇಪ್ಪತ್ತಾರು ವರ್ಷ ಒಡವೆ ಅಂಗಡಿಗಳ ಕ್ಯಾಟಲಾಗಿಗೆ ಫೋಟೋ ತೆಗೆದವರು. ಈಗ ಅಂಗಡಿಯವರು ತಮ್ಮ ಫೋನಿನಲ್ಲೇ ತೆಗೆದುಕೊಳ್ಳುತ್ತಾರಂತೆ. ಕೋಣೆಯಲ್ಲಿ ಬಿಳಿ ಮೇಜು, ಸರ ತೊಡಿಸುವ ಮಖಮಲ್ಲಿನ ಕುತ್ತಿಗೆ, ಎರಡರ ಮೇಲೂ ಧೂಳು.

"ಎಂತದರ ಫೋಟೋ ತೆಗೀತೀರಿ ನೀವು?" ಎಂದರು.

"ಜೇಡ."

ಲೆನ್ಸ್ ಹಿಡಿದಿದ್ದ ಕೈ ಹಿಂದಕ್ಕೆ ಹೋಯಿತು. "ಜೇಡವಾ? ಹಾಗಾದ್ರೆ ನಾನು ಇದನ್ನು ಕೊಡುದಿಲ್ಲ."

ಆರುನೂರು ಕಿಲೋಮೀಟರ್ ಬಂದಿದ್ದ ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ಫೋನಿನಾಗೇ ಹೇಳಬಹುದಿತ್ತಲ್ರೀ?"

"ನೀವು ಸಣ್ಣ ವಸ್ತು ಅಂದ್ರಿ. ನಾನು ಮೂಗುಬೊಟ್ಟು ಅಂತ ನೆನೆಸಿದೆ. ಮೂಗುಬೊಟ್ಟು ಓಡಿ ಹೋಗುದಿಲ್ಲ ಮಾರಾಯ್ರೆ! ಬನ್ನಿ, ನೀವೇ ನೋಡಿ."

ತಾರಸಿಯಲ್ಲಿ ಕರಿಬೇವಿನ ಕುಂಡವಿತ್ತು. ಎಲೆ ತಿರುವಿ ತಿರುವಿ ಕೊನೆಗೊಂದು ಜಿಗಿಯುವ ಜೇಡ ಸಿಕ್ಕಿತು. ಅವರ ಲೆನ್ಸ್ ಹಾಕಿ ಹತ್ತಿರ ಹೋದೆ. ಕಣ್ಣು ಕಾಣಬೇಕೆಂದರೆ ನಾಲ್ಕು ಬೆರಳಿನಷ್ಟು ಸಮೀಪ ಹೋಗಬೇಕು. ಅಷ್ಟರಲ್ಲಿ ಲೆನ್ಸಿನ ನೆರಳೇ ಅದರ ಮೇಲೆ ಬಿತ್ತು, ಜೇಡ ಹಾರಿತು. ಮೂರು ಸಲ ಹೀಗೇ ಆಯಿತು. ಅವರ ಮಾತು ನಿಜವಾಗಿತ್ತು. ಬಂದ ಕೆಲಸ ಕೆಟ್ಟಿತೆಂದು ಚೀಲ ಹೆಗಲಿಗೇರಿಸಿದೆ. ವಾಸುದೇವರು ಚಪ್ಪಲಿ ಮೆಟ್ಟಿಕೊಂಡು, "ಎಂಎಂ ಹೆಚ್ಚಾದ್ರೆ ದೂರ ನಿಂತೇ ತೆಗೀಬಹುದು. ನಡೀರಿ, ಹತ್ತು ನಿಮಿಷದ ದಾರಿ" ಎಂದರು.

ಅದು ಹಳೇ ಕ್ಯಾಮೆರಾ ಮಾರುವ ಸಣ್ಣ ಅಂಗಡಿ. ನೂರು ಎಂಎಂನ ಹೊಸ ಲೆನ್ಸ್ ನನ್ನ ಕೈಗೆ ನಿಲುಕದ ಬೆಲೆ. ಅದೇ ಅಳತೆಯ ಹಳೆಯದೊಂದು ಪಳಪಳ ಹೊಳೆಯುತ್ತಿತ್ತು, ನಾನು ಅದನ್ನೇ ಎತ್ತಿಕೊಂಡೆ. ವಾಸುದೇವರು ಅದರ ಹಿಂಬದಿಯಿಂದ ಫೋನಿನ ಟಾರ್ಚ್ ಬಿಟ್ಟು ತೋರಿಸಿದರು: ಗಾಜಿನೊಳಗೆ ಕೂದಲೆಳೆಯಂಥ ಬಿಳಿ ಗೆರೆಗಳು. "ಬೂಷ್ಟು. ಇದು ಕಡಲ ಬದಿಯ ಊರಲ್ವಾ, ಒಳಗೆ ನೀರಿನ ಗಾಳಿ ಹೋಗ್ತದೆ. ಬೇಡ." ಮೂರನೆಯದು ತೊಂಬತ್ತು ಎಂಎಂ. ಮೈಯೆಲ್ಲಾ ಗೀರು, ತಾನೇ ಫೋಕಸ್ ಮಾಡದು, ಆದರೆ ಗಾಜು ನಿರ್ಮಲ. ಅವರು ಅಂಗಡಿಯವನೊಂದಿಗೆ ತಮಿಳಿನಲ್ಲಿ ಹತ್ತು ನಿಮಿಷ ಜಗಳದಂತೆ ಮಾತಾಡಿ ಹನ್ನೆರಡು ಸಾವಿರಕ್ಕೆ ಇಳಿಸಿದರು.

ಮತ್ತೆ ತಾರಸಿ. ಈ ಸಲ ಜೇಡಕ್ಕೂ ಲೆನ್ಸಿಗೂ ಮುಕ್ಕಾಲು ಗೇಣು ಅಂತರ, ಅದು ಅಲುಗಲಿಲ್ಲ. ಆದರೆ ಫೋಕಸ್ ಸಿಗುವ ಪದರ ಕಾಗದದಷ್ಟು ತೆಳು. ಲೆನ್ಸಿನ ಫೋಕಸ್ ರಿಂಗನ್ನು ಅತ್ತಿತ್ತ ತಿರುಗಿಸುತ್ತಲೇ ಇದ್ದೆ.

"ರಿಂಗ್ ತಿರುಗಿಸ್ಬೇಡಿ. ಮೊಣಕೈ ಪಕ್ಕೆಗೆ ಒತ್ತಿ. ನೀವೇ ಮೆಲ್ಲ ಮುಂದೆ ಹೋಗಿ, ಹಿಂದೆ ಬನ್ನಿ. ಕಣ್ಣು ಮಿಂಚಿತಾ? ಉಸಿರು ಬಿಟ್ಟ ಮೇಲೆ ಒತ್ತಿ."

ನಲವತ್ತು ಫೋಟೋ ಹಾಳಾದವು. ನಲವತ್ತೊಂದನೆಯದೋ ಏನೋ, ಪರದೆಯಲ್ಲಿ ಮುಖ ತುಂಬಿ ಬಂತು. ಮುಂದಿನ ಸಾಲಿನ ನಾಲ್ಕು ಕಣ್ಣು, ಸುತ್ತ ಕಿತ್ತಳೆ ಬಣ್ಣದ ರೋಮ. ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಅಯ್ಯಯ್ಯೋ, ಇದು ನನ್ನನ್ನೇ ನೋಡ್ತಾ ಉಂಟು" ಎಂದರು. ಆಮೇಲೆ ಮೆಲ್ಲಗೆ, "ಓಡದ ಪ್ರಾಣಿ ಯಾವುದಾದ್ರೂ ಉಂಟಾ ಟೀಚರ್? ನನ್ನ ಅರವತ್ತು ಎಂಎಂ ಲೆನ್ಸಿಗೆ ಆಗುವಂಥದ್ದು?"

"ಬಸವನಹುಳು, ಕಂಬಳಿಹುಳು, ಚಿಟ್ಟೆ ಮೊಟ್ಟೆ" ಎಂದೆ. ಅವರು ಅಲ್ಲೇ ನಿಂತು ಫೋನ್ ತೆಗೆದು ತಮ್ಮ ಲೆನ್ಸಿನ ಜಾಹೀರಾತು ಅಳಿಸಿದರು.

ಅವರ ಹೆಂಡತಿ ಊಟ ಮಾಡಿಸದೆ ಕಳಿಸಲಿಲ್ಲ. ಅನ್ನ, ಸೌತೆಕಾಯಿ ಹುಳಿ, ಹಪ್ಪಳ. ಮೂರೂವರೆಗೆ ಆಟೋ ಹತ್ತಿದೆ. ಬೀಳ್ಕೊಡಲು ಕೆಳಗೆ ಬಂದಿದ್ದ ವಾಸುದೇವರಿಗೆ ಕೈ ಬೀಸಲು ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಕಾಂಪೌಂಡಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಇಟ್ಟಿಗೆ ಸಂದಿನೊಳಗೆ ಏನನ್ನೋ ಹುಡುಕುತ್ತಿದ್ದರು.