ಅಕ್ಕೋರ ಕಾರಿನ ಕೀಲಿ

ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ, ಒಂದ ಡ್ರೈವರ್ ಕೆಲಸಕ್ಕ ನಾ ಹನ್ನೊಂದು ಸಲ ಪರೀಕ್ಷೆ ಕೊಟ್ಟು ಹನ್ನೊಂದೂ ಸಲ ಪಾಸಾಗೀನಿ. ನಮ್ಮೂರು ನವಲಿಯ ಗದ್ದಿ ಕೆಸರಿನ್ಯಾಗ ಟ್ರ್ಯಾಕ್ಟರ್ ಹೊಡೆದು ಬೆಳೆದವ ನಾನು, ನನಗೇನ್ರಿ ಪರೀಕ್ಷೆ!

ಕುಷ್ಟಗಿಯ ರಿಟೈರಾದ ಸಾಲಿ ಅಕ್ಕೋರಿಗೆ ಮರೆವಿನ ರೋಗ ಶುರುವಾಗೇತಿ, ಇನ್ನ ಕಾರು ಹೊಡಿಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ದರು. ಅಕ್ಕೋರೇ ನನ್ನನ್ನ ಕರೆಸಿದ್ದರು. ಆದರ ದಿನಾ ಮುಂಜಾನೆ, "ಯಾರಪ್ಪಾ ನೀ? ಗಾಡಿ ಬರ್ತೈತೇನು? ಹಿಂದಕ್ಕ ತಗೊಂಡು ತೋರ್ಸು" ಅನ್ನೋರು. ತೋರಿಸಿದರ "ಛಲೋ ಹೊಡಿತಿ" ಅನ್ನೋರು. ಸಂಜಿಕ ಕೀಲಿ ಇಸಕೊಂಡು ಸೆರಗಿಗೆ ಗಂಟು ಹಾಕಿಕೊಳ್ಳೋರು. ಐದನೇ ದಿನಕ್ಕ ನನ್ನ ಜಂಬವೂ ದಣೀತು.

ಹನ್ನೆರಡನೇ ಮುಂಜಾನೆ ಪರೀಕ್ಷೆ ಇರಲಿಲ್ಲ. ನನ್ನ ಹೆಸರು ಹಿಡಿದು ಕರೆದರು. "ಇವತ್ತು ತಲಿ ನೆಟ್ಟಗೈತಿ, ಇವತ್ತ ಬರದು ಮುಗಿಸಬೇಕು" ಅಂತ ಬಾನೆಟ್ ಮ್ಯಾಲ ಹಾಳಿ ಇಟ್ಟು ಬರೆದರು. ಬರೆದಾದ ಮ್ಯಾಲ ನನ್ನ ಕಡೆ ತಿರುಗಿ ಹೇಳಿದರು:

"ನಾಳೆ ನಾನ ನಿನ್ನ ಕಳ್ಳ ಅಂದೇನು. ಬೈಸ್ಕೋ, ಆದ್ರ ಕೀಲಿ ಕೊಡಬ್ಯಾಡ. ಇದನ್ನ ತೋರ್ಸು. ನನ್ನ ಅಕ್ಷರ ನನಗ ಗುರ್ತು ಸಿಗ್ತೈತಿ."

"ನಾಡಿದ್ದು ಮತ್ತ ಮರೆತ್ರ?"

"ಮತ್ತ ತೋರ್ಸು. ದಿನಾ ತೋರ್ಸೋದು ನಿನಗ ರೂಢಿ ಐತಲ್ಲ!"

ಸೆರಗಿನ ಗಂಟು ಬಿಚ್ಚಿದರು. ಕೊನಿಗೆ ನನಗ ಸಿಕ್ಕಿದ್ದು ಕಾರಿನ ಕೀಲಿ, ಮತ್ತ "ಇದನ್ನ ನಾನ ಕೊಟ್ಟೀನಿ" ಅಂತ ಬರೆದು ಕೆಂಪು ಶಾಯಿಯಲ್ಲಿ ಸಹಿ ಹಾಕಿದ ಹಾಳಿ.