ಹಗೇವಿಗೆ ಇಳಿದ ವಿಮಾನ

ಲೋಹ ಕಡೆಯುವ ಲೇತಿನಿಂದ ಇಳಿಸಿದ ತುಂಡನ್ನು ತಿಮ್ಮರಾಯಣ್ಣ ಒಂದು ದಿನವೂ ನೇರವಾಗಿ ನನ್ನ ಕೈಗೆ ಕೊಟ್ಟವರಲ್ಲ. ಮೊದಲು ಕೈ ಮಗುಚಿ, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಕೈಯ ಹಿಂಬದಿಯನ್ನು ಅದರ ಮೇಲಿಡುತ್ತಿದ್ದರು. ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಆಮೇಲೆ "ಜ್ವರ ಐತೆ ಕಣಮ್ಮಣ್ಣಿ. ಇಳೀಲಿ, ಆಮ್ಯಾಕೆ ಅಳತೆ ಮಾಡು" ಎಂದು ಕಿಟಕಿಯ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಇಟ್ಟು ಹೋಗುತ್ತಿದ್ದರು.

ನಾನು ತುಮಕೂರಿನವಳು. ಡಿಪ್ಲೊಮಾ ಮುಗಿಸಿ, ಹೊಸೂರಿನ ಕೈಗಾರಿಕಾ ಪ್ರದೇಶದ ಒಂದು ಪುಟ್ಟ ಶೆಡ್ಡಿಗೆ ಅಳತೆ ನೋಡುವ ಕೆಲಸಕ್ಕೆ ಬಂದಿದ್ದೆ. ಎಂಬತ್ತರ ದಶಕದ ಶುರುವಿನ ಮಾತು. ನಾಲ್ಕು ಲೇತು, ಹನ್ನೊಂದು ಜನ, ತಗಡಿನ ಸೂರು. ನನ್ನ ಹತ್ತಿರ ಮೈಕ್ರೋಮೀಟರ್ ಇತ್ತು, ಸರ್ಟಿಫಿಕೇಟ್ ಇತ್ತು, ಇಪ್ಪತ್ತೊಂದು ವರ್ಷದ ಕೊಬ್ಬೂ ಇತ್ತು. ಲೋಹಕ್ಕೆ ಜ್ವರವಂತೆ! "ಮಾತ್ರೆ ಕೊಡೋಣ್ವಾ ಅಣ್ಣ?" ಅಂದಿದ್ದೆ ಮೊದಲ ವಾರ.

"ಕೊಡು ಕೊಡು. ನಿನ್ ಕೈಗುಣ ಹೆಂಗೈತೋ ನೋಡಾನ" ಅಂದರು. ಬೇಜಾರು ಮಾಡಿಕೊಳ್ಳಲಿಲ್ಲ.

ಆ ಶೆಡ್ಡು ನಿಂತ ನೆಲ ಒಂದು ಕಾಲಕ್ಕೆ ಅವರದೇ ರಾಗಿ ಹೊಲ. ಕಾರ್ಖಾನೆಗಳಿಗೆ ಜಾಗ ಹೋದಾಗ ಊರಿನವರು ಪರಿಹಾರ ತೆಗೆದುಕೊಂಡು ತಮ್ಮ ತಮ್ಮ ದಾರಿ ನೋಡಿಕೊಂಡರು. ಇವರು ಮಾತ್ರ ಶೆಡ್ಡಿನ ಬಾಗಿಲಿಗೆ ಬಂದು, "ನನ್ ಹೊಲ್ದಾಗೆ ನೀವು ಏನ್ ಬೆಳೀತೀರೋ ನಾನೂ ನೋಡ್ಬೇಕು ಸಾಮಿ, ಒಂದ್ ಕೆಲ್ಸ ಕೊಡಿ" ಎಂದರಂತೆ. ಕಸ ಗುಡಿಸಲು ಸೇರಿದವರು ನೋಡಿ ನೋಡಿಯೇ ಕಲಿತು, ಐದು ವರ್ಷಕ್ಕೆ ಮೊದಲನೇ ಲೇತಿನ ಯಜಮಾನರಾದರು. ಓನರ್ ಹತ್ತಿರ ತಮಿಳು, ಲೇತಿನ ಹತ್ತಿರ ತೆಲುಗು, ಸಿಟ್ಟು ಬಂದರೆ ಮಾತ್ರ ಕನ್ನಡ. ನನ್ನ ಹತ್ತಿರ ಸದಾ ಕನ್ನಡವೇ ಆಡುತ್ತಿದ್ದರು. ಅದನ್ನು ಏನೆಂದು ತಿಳಿಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಂಗಳೂರಿನ ಕಡೆಯಿಂದ ಪರೀಕ್ಷೆಗೆಂದು ಹಾರುವ ಯುದ್ಧವಿಮಾನಗಳು ಆಗಾಗ ನಮ್ಮ ಸೂರು ನಡುಗಿಸಿ ಹೋಗುತ್ತಿದ್ದವು. ಸದ್ದು ಕೇಳಿದ್ದೇ ತಡ, ಲೇತು ನಿಲ್ಲಿಸಿ ಹೊರಗೆ ಓಡುತ್ತಿದ್ದರು. ಕುತ್ತಿಗೆ ನೋಯುವಷ್ಟು ಹೊತ್ತು ನೋಡಿ, "ಒಂದಲ್ಲ ಒಂದಿನ ನಮ್ದೂ ಅದ್ರಾಗೆ ಹಾರ್ತದೆ, ನೋಡ್ಕ" ಅನ್ನುತ್ತಿದ್ದರು. ನಾವು ಮಾಡುತ್ತಿದ್ದದ್ದು ಪಂಪ್‌ಸೆಟ್ಟಿನ ಬಿಡಿಭಾಗ! ಶೆಡ್ಡಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆದರೆ ಆ ದಿನ ಬಂದೇಬಿಟ್ಟಿತು. ಬೆಂಗಳೂರಿನ ವಿಮಾನ ಕಾರ್ಖಾನೆಯವರು ಸಣ್ಣಪುಟ್ಟ ಭಾಗಗಳನ್ನು ಹೊರಗೆ ಮಾಡಿಸಲು ಶುರುಮಾಡಿದ್ದರು. ನಮ್ಮ ಓನರ್ ಆರು ತಿಂಗಳು ಅಲೆದು ಒಂದು ಆರ್ಡರ್ ತಂದರು. ಬಳೆಯ ಹಾಗೆ ದುಂಡಗಿನ, ನಲವತ್ತು ಅಲ್ಯೂಮಿನಿಯಂ ಬುಷ್. ತಲೆಗೂದಲನ್ನು ಹತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟೂ ಹೆಚ್ಚುಕಮ್ಮಿ ಆಗಕೂಡದು. ತಿಮ್ಮರಾಯಣ್ಣ ಊಟ ತಿಂಡಿ ಮರೆತು ಕಡೆದರು. ಪ್ರತಿಯೊಂದರ ಜ್ವರ ನೋಡಿ, ಇಳಿಯಿತು ಅಂದಮೇಲೆಯೇ ನನಗೆ ಕೊಟ್ಟರು. ನಾನು ಅಳೆದು, ಸರಿಯಿದೆ ಎಂದು ಸಹಿ ಹಾಕಿದೆ.

ಎಂಟನೇ ದಿನ ನಲವತ್ತೂ ವಾಪಸ್. ಎಲ್ಲವೂ ಅಳತೆಗೆ ಕಮ್ಮಿಯಂತೆ.

ಓನರ್ ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. "ಇನ್ನೊಂದೇ ಚಾನ್ಸ್ ಕೊಟ್ಟಿದ್ದಾರೆ. ಅದೂ ತಿರುಗಿ ಬಂದರೆ ವಿಮಾನದ ಕೆಲಸ ನಮಗಿಲ್ಲ. ಪಂಪಿನ ಕೆಲಸವಂತೂ ನಿಂತೇ ಹೋಗ್ತಿದೆ. ಶೆಡ್ಡಿಗೆ ಬೀಗ ಹಾಕೋದೇ" ಅಂದರು. ಹನ್ನೊಂದು ಜನರ ಅನ್ನದ ಮೇಲೆ ನನ್ನ ಸಹಿ ಕೂತಿತ್ತು.

ಮಧ್ಯಾಹ್ನ ಮತ್ತೆ ಅಳೆದೆ. ಸರಿಯಾಗೇ ಇದೆ! ಮಾರನೇ ದಿನ ಬೆಳಗ್ಗೆ ಬಂದು ಅಳೆದೆ. ಕಮ್ಮಿ! ನನಗೇ ತಲೆ ಕೆಟ್ಟಿದೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು. ಕಲ್ಲುಚಪ್ಪಡಿಯ ಪಕ್ಕ ಕೂತು, ನಾಚಿಕೆಯಿಲ್ಲದೆ ಗೊಳೋ ಎಂದು ಅತ್ತುಬಿಟ್ಟೆ.

ತಿಮ್ಮರಾಯಣ್ಣ ಬಂದು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಬುಷ್ ಮುಟ್ಟಿದರು, ಚಪ್ಪಡಿ ಮುಟ್ಟಿದರು, ಆಮೇಲೆ ತಮ್ಮ ಕೆನ್ನೆಯನ್ನೇ ಮುಟ್ಟಿಕೊಂಡರು. "ಅಳ್ಬ್ಯಾಡ ಕಣಮ್ಮಣ್ಣಿ. ತಪ್ಪು ನಂದು. ಈ ಏಪ್ರಿಲ್ ಬಿಸ್ಲಾಗೆ ಸೂರಿಗೂ ಜ್ವರ, ಚಪ್ಪಡಿಗೂ ಜ್ವರ, ನನ್ ಕೈಗೂ ಜ್ವರ. ಜ್ವರ ಬಂದಿರೋ ಕೈಗೆ ಜ್ವರ ಹೆಂಗ್ಲಾ ತಿಳೀತದೆ?" ಕೊನೆಯ ಮಾತು ನನಗಲ್ಲ, ಅವರು ತಮ್ಮನ್ನೇ ಬೈದುಕೊಂಡದ್ದು.

ಅಯ್ಯೋ ನನ್ನ ಕರ್ಮವೇ! ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಎರಡರಷ್ಟು ಹಿಗ್ಗುತ್ತದೆ, ಉಕ್ಕಿನ ಮೈಕ್ರೋಮೀಟರಿನಲ್ಲಿ ಬಿಸಿಯಲ್ಲಿ ಅಳೆದರೆ ಮೋಸಹೋಗುತ್ತೀರಿ ಎಂದು ನಾನೇ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಬೆಂಗಳೂರಿನವರು ಅಳೆಯುವುದು ತಂಪು ಕೋಣೆಯಲ್ಲಿ. ನಮ್ಮ ಬುಷ್ ಅಲ್ಲಿ ಕುಗ್ಗಿ ಕೂತಿತ್ತು. ಓನರಿಗೆ ಹೇಳಿದೆ. "ಏಸಿ ರೂಮಿಗೆ ನಾನೆಲ್ಲಿ ಹೋಗಲಮ್ಮಾ?" ಎಂದು ತಲೆ ಮೇಲೆ ಕೈ ಹೊತ್ತರು.

"ರೂಮ್ ಐತೆ ಬನ್ನಿ" ಎಂದು ತಿಮ್ಮರಾಯಣ್ಣ ಗುದ್ದಲಿ ಹಿಡಿದು ಶೆಡ್ಡಿನ ಹಿಂದಕ್ಕೆ ನಡೆದರು. ಬೇಲಿಯ ಪಕ್ಕ ಮಣ್ಣು ಕೆರೆದು ಒಂದು ಚಪ್ಪಡಿ ಎತ್ತಿದರು. ಕೆಳಗೆ ಕತ್ತಲು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಹಳೆಯ ಹಗೇವು. ಬಾಯಿ ಕಿರಿದು, ಹೊಟ್ಟೆ ಅಗಲ. "ನಮ್ಮಪ್ಪ ತೋಡ್ಸಿದ್ದು. ಮ್ಯಾಲೆ ಬೆಂಕಿ ಬಿದ್ರೂ ಒಳ್ಗೆ ಒಂದೇ ತರ. ಹಗ್ಲಿಗೂ ಜಗ್ಗಲ್ಲ, ರಾತ್ರಿಗೂ ಜಗ್ಗಲ್ಲ."

ಎರಡು ದಿನ ಬಾಯಿ ತೆರೆದಿಟ್ಟು ಒಳಗಿನ ಕೆಟ್ಟ ಗಾಳಿ ಬಿಟ್ಟೆವು. ಲಾಟೀನು ಇಳಿಬಿಟ್ಟು, ಅದು ಆರದಿದ್ದಮೇಲೆಯೇ ಏಣಿ ಇಳಿದೆವು. ಬಿಸಿಗೆ ಹಿಗ್ಗುವಷ್ಟನ್ನು ಲೆಕ್ಕ ಹಿಡಿದು ತಿಮ್ಮರಾಯಣ್ಣ ಹೊಸದಾಗಿ ಕಡೆದ ನಲವತ್ತು ಬುಷ್‌ಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಮೈಕ್ರೋಮೀಟರು, ಥರ್ಮಾಮೀಟರುಗಳ ಜೊತೆ ಒಂದು ಇಡೀ ದಿನ ಅಲ್ಲೇ ಮಲಗಿಸಿ, ಅಲ್ಲೇ ಕೂತು ಅಳೆದೆ. ಆ ಶಾಖಕ್ಕೂ ತಂಪು ಕೋಣೆಗೂ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕಿ ಪ್ರತಿ ಬುಷ್‌ಗೂ ಒಂದು ಸಾಲು ಬರೆದೆ.

ಈ ಸಲ ಬೆಂಗಳೂರಿನ ಇನ್‌ಸ್ಪೆಕ್ಟರ್ ತಾವೇ ಬಂದರು. ಇಸ್ತ್ರಿ ಷರ್ಟು, ಟೈ. "ನಿಮ್ಮ ಇನ್‌ಸ್ಪೆಕ್ಷನ್ ರೂಮ್ ಎಲ್ಲಿ?" ಅಂದರು. ಓನರ್ ಬೆವರಿದರು. ತಿಮ್ಮರಾಯಣ್ಣ ಮಾತ್ರ ಮದುವೆಗೆ ಬಂದ ಬೀಗರನ್ನು ಕರೆದೊಯ್ಯುವ ಹಾಗೆ ಮುಂದೆ ನಡೆದು, ಲಾಟೀನು ಇಳಿಬಿಟ್ಟು, "ದೀಪ ಆರಿಲ್ಲ, ಇಳೀಬೈದು ಸಾಮಿ" ಅಂದರು.

ಇನ್‌ಸ್ಪೆಕ್ಟರ್ ಹಗೇವು ನೋಡಿದರು. ನಮ್ಮನ್ನು ನೋಡಿದರು. ಟೈ ಬಿಚ್ಚಿ ಜೇಬಿಗಿಟ್ಟುಕೊಂಡು ಇಳಿದರು! ಬೆಳಗ್ಗೆ ಥರ್ಮಾಮೀಟರ್ ನೋಡಿದರು, ಮಟಮಟ ಮಧ್ಯಾಹ್ನ ನೋಡಿದರು, ಸಂಜೆ ನೋಡಿದರು. ಪಾದರಸ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ನಲವತ್ತನ್ನೂ ಒಂದೊಂದಾಗಿ ತಾವೇ ಅಳೆದು ನನ್ನ ಸಾಲುಗಳ ಪಕ್ಕ ಗುರುತು ಹಾಕಿದರು. ಅಷ್ಟು ಹೊತ್ತೂ ತಿಮ್ಮರಾಯಣ್ಣ ಹಗೇವಿನ ಬಾಯಿ ಬಿಟ್ಟು ಕದಲಲಿಲ್ಲ.

ಕೊನೆಗೆ ಕೂದಲೆಲ್ಲ ಮಣ್ಣಾದ ತಲೆಯೊಂದು ಮೇಲೆ ಬಂತು. "ನಲವತ್ತೂ ಪಾಸ್" ಅಂದಿತು.

ಶೆಡ್ಡಿನೊಳಗಿಂದ ಎದ್ದ ಕೇಕೆಗೆ ಪಕ್ಕದ ಕಾರ್ಖಾನೆಯವರು ಓಡಿಬಂದರು. ಓನರ್ ತಿಮ್ಮರಾಯಣ್ಣನವರನ್ನು ತಬ್ಬಿಕೊಂಡು ತಮಿಳಿನಲ್ಲಿ ಏನೇನೋ ಅಂದರು. ನಾನು ಮತ್ತೆ ಅತ್ತೆ, ಈ ಸಲ ಖುಷಿಗೆ. ಇನ್‌ಸ್ಪೆಕ್ಟರ್ ಮಾತ್ರ ಫಾರಂ ಹಿಡಿದು ನಿಂತಿದ್ದರು. ಪರೀಕ್ಷೆ ನಡೆದ ಸ್ಥಳ ಬರೆಯುವ ಜಾಗದಲ್ಲಿ ಪೆನ್ನು ನಿಂತಿತ್ತು. "ಇದಕ್ಕೆ ಏನಂತ ಬರೆಯೋದ್ರೀ?"

"ಹಗೇವು ಅಂತ ಬರೀರಿ ಸಾಮಿ. ಇನ್ನೇನ್ ಬರೀತೀರಿ?" ಅಂದರು ತಿಮ್ಮರಾಯಣ್ಣ. ಇನ್‌ಸ್ಪೆಕ್ಟರ್ ಇಂಗ್ಲಿಷ್ ಅಕ್ಷರದಲ್ಲಿ ಹಾಗೆಯೇ ಬರೆದರು.

ಆಮೇಲಿನದು ಬೆಳವಣಿಗೆಯ ಕಥೆ. ನಾಲ್ಕು ಲೇತು ಇಪ್ಪತ್ತಾದವು. ರಾಕೆಟ್ಟಿನ ವಾಲ್ವಿಗೆ ಬೇಕಾದ ಒಂದು ಉಂಗುರವೂ ನಮ್ಮಲ್ಲೇ ತಯಾರಾಯಿತು. ವಿಮಾನ ಬಂದಾಗ ತಿಮ್ಮರಾಯಣ್ಣ ಆಗಲೂ ಹೊರಗೋಡುತ್ತಿದ್ದರು, ಆದರೆ ಮಾತು ಬದಲಾಗಿತ್ತು: "ಹುಷಾರಾಗ್ ಓಡ್ಸಲಾ, ಒಳ್ಗೆ ನಮ್ಮೋವು ಅವೆ!"

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಗೇವು ಇದ್ದ ಜಾಗದಲ್ಲೇ ತಂಪು ಕೋಣೆ ಎದ್ದಿತು. ಕೆಲಸ ಬಿಟ್ಟು ಮನೆಯಲ್ಲಿದ್ದ ಅವರನ್ನೇ ಕರೆಸಿ ರಿಬ್ಬನ್ನಿಗೆ ಕತ್ತರಿ ಹಾಕಿಸಿದೆವು. ಒಳಗೆ ಬಂದು ನುಣ್ಣನೆಯ ಕರಿಕಲ್ಲಿನ ಮೇಜಿನ ಮೇಲೆ ಕೈಯ ಹಿಂಬದಿ ಇಟ್ಟು, ಕಣ್ಣು ಮುಚ್ಚಿ, "ಇದುಕ್ ಜ್ವರ ಬರಾಕಿಲ್ಲ ಬುಡು" ಅಂದರು. ನನ್ನ ತಲೆ ಸವರಿ, ಟವಲ್ಲನ್ನು ಹೊದ್ದುಕೊಂಡು ಹೊರಟರು. ಅದೇ ಕೊನೆ. ಮುಂದಿನ ಸುಗ್ಗಿ ನೋಡಲು ಅವರಿರಲಿಲ್ಲ.

ಆ ಕೋಣೆಯ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿನ ಬೋರ್ಡಿದೆ. ಅದನ್ನು ಯಾರೂ ಓದುವುದಿಲ್ಲ. ನಾನು ನಿವೃತ್ತಳಾದ ದಿನ ಕೊನೆಯ ಬಾರಿ ಒಳಗೆ ಹೋದಾಗ, ಸೇಲಂ ಕಡೆಯಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು, ಹುಟ್ಟಿದಾಗಿನಿಂದ ರಾಗಿ ಹಗೇವು ಕಂಡಿಲ್ಲದವಳು, ಆಗಷ್ಟೇ ಕಡೆದ ಬಿಸಿ ತುಂಡನ್ನು ತಂದ ಲೇತಿನವನಿಗೆ, ತಣಿಯಲು ಇಡು ಎಂದು ತಮಿಳಿನಲ್ಲಿ ಕೂಗಿ ಹೇಳುತ್ತಿದ್ದಳು: "ಅಣ್ಣಾ, ಸೂಡಾ ಇರುಕ್ಕು. ಹಗೇವುಲ ವೆಚ್ಚಿಡು!"