ಲೇತ್ ಉಸ್ತಾದರು ಕೂರಿಸಿಕೊಟ್ಟ ಲೆನ್ಸು

ಮೊನ್ನೆ ಮಳವಳ್ಳಿ ಕಡೆಯ ಒಂದು ರೇಷ್ಮೆ ಹುಳುವಿನ ಮನೆಯಲ್ಲಿ ಫೋಟೋ ತೆಗೆಯುತ್ತಿದ್ದಾಗ ಲೆನ್ಸಿನ ಫೋಕಸ್ ಬಳೆ ಬಿಗಿಯಾಯಿತು. ಮನೆಗೆ ಬಂದು ಹಿಂಬದಿಯ ಹಿತ್ತಾಳೆ ರಿಂಗು ಬಿಚ್ಚಿದೆ. ಒಳಗಿಂದ ಹಳೆ ಗ್ರೀಸಿನ ವಾಸನೆ ಬಂತು. ಪಂಪ್‌ಸೆಟ್ಟಿನ ಬೇರಿಂಗಿಗೆ ಹಾಕುವ ಗ್ರೀಸು, ಅದಕ್ಕೆ ಎರಡು ತೊಟ್ಟು ಹೊಲಿಗೆ ಮಿಷನ್ ಎಣ್ಣೆ. ಹೀಗೆ ಕಲಸುತ್ತಿದ್ದವರು ನನಗೆ ಗೊತ್ತಿರುವಂತೆ ಒಬ್ಬರೇ, ಮದ್ದೂರಿನ ಲೇತ್ ಅಂಗಡಿ ಉಸ್ತಾದರು.

ಹೊಟ್ಟೆಪಾಡಿಗೆ ನಾನು ಮದ್ದೂರಿನಲ್ಲೇ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುವವಳು. ಮನಸ್ಸಿಗೆ ಬೇಕಾದ್ದು ಮಬ್ಬು ಬೆಳಕಿನ ಜಾಗಗಳು: ಹುಳುವಿನ ಮನೆ, ಆಲೆಮನೆ, ಹೊಗೆ ಹಿಡಿದ ಅಡುಗೆಮನೆ. ಅಲ್ಲಿ ಫ್ಲ್ಯಾಷ್ ಹಾಕಿದರೆ ಮುಖವೆಲ್ಲ ಸುಣ್ಣ ಬಳಿದಂತೆ ಬರುತ್ತದೆ. ಇರುವ ಚೂರು ಬೆಳಕನ್ನೇ ಬಾಚಿಕೊಳ್ಳುವ ದೊಡ್ಡ ಬಾಯಿಯ ಲೆನ್ಸು ಬೇಕು. ಮಂಡ್ಯದಲ್ಲಿ ಹಳೆಯ ಸ್ಟುಡಿಯೋ ಒಂದು ಮುಚ್ಚಿದಾಗ ಅಂಥದ್ದು ಸಿಕ್ಕಿತು. ಅದು ಕೂತಿದ್ದ ರೀಲು ಕ್ಯಾಮೆರಾ ಸತ್ತಿತ್ತು, ಗಾಜು ಮಾತ್ರ ಕನ್ನಡಿಯ ಹಾಗಿತ್ತು.

ಅದನ್ನು ನನ್ನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಕೂರಿಸಬೇಕೆಂಬುದು ನನ್ನ ಹಟ. ಈ ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ನಡುವೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡೂ ಬಂದು ಒಂದಾಗುತ್ತವೆ, ಆಗ ಒತ್ತಬೇಕು. ಲೆನ್ಸಿನ ಹಿಂಬದಿಯ ರಿಂಗು ಕ್ಯಾಮೆರಾದ ಒಳಗಿನ ಸಣ್ಣ ಗಾಲಿಯನ್ನು ಸರಿಯಾಗಿ ತಳ್ಳಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಕಾಗದದಷ್ಟು ವ್ಯತ್ಯಾಸವಾದರೂ ಕಣ್ಣು ಮಸುಕಾಗಿ ಕಿವಿ ಸ್ಪಷ್ಟ ಬರುತ್ತದೆ. ಮೈಸೂರಿನ ರಿಪೇರಿಯವನು ಇದು ಆಗದ ಕೆಲಸ ಎಂದ. ಆಗಲ್ಲ ಅಂದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೀದಾ ಉಸ್ತಾದರ ಹತ್ತಿರ ಹೋದೆ.

ಅವರು ಲೇತ್ ಯಂತ್ರದಲ್ಲಿ ಪಂಪ್‌ಸೆಟ್ಟಿನ ಬುಷ್ಷು, ಕಬ್ಬಿನ ಗಾಣದ ಭಾಗ ಕಡೆಯುವವರು. ಲೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಗಾಜಿನ್ ಸಾವಾಸ ನಂಗೊತ್ತಿಲ್ಲ ಕಣಮ್ಮ. ಇತ್ತಾಳೆ ಸಾವಾಸ ಗೊತ್ತು. ಮಡಗೋಗು."

ಅಲ್ಲಿಂದ ಒಂದೂವರೆ ತಿಂಗಳು ದಿನಾ ಸಂಜೆ ನನ್ನ ಹಾಜರಿ ಅಲ್ಲೇ. ಬಂದವರನ್ನೆಲ್ಲ ಬೈಯುತ್ತಿದ್ದರು, ನನ್ನನ್ನು ಒಂದು ಹಿಡಿ ಜಾಸ್ತಿಯೇ. ನಮ್ಮ ಸೀಮೆಯಲ್ಲಿ ಬೈಸಿಕೊಂಡವರೇ ಬೇಕಾದವರು, ಹಾಗಾಗಿ ಖುಷಿಯಿಂದ ಬೈಸಿಕೊಂಡೆ. ಅಳತೆಯ ವರ್ನಿಯರ್ ಗೋಡೆಗೆ ನೇತುಬಿದ್ದಿರುತ್ತಿತ್ತು, ಮುಟ್ಟುತ್ತಿರಲಿಲ್ಲ. ಹೆಬ್ಬೆರಳ ಉಗುರನ್ನು ರಿಂಗಿನ ಸುತ್ತ ಆಡಿಸಿಯೇ ಎಲ್ಲಿ ಉಬ್ಬು, ಎಲ್ಲಿ ತಗ್ಗು ಹೇಳಿಬಿಡುತ್ತಿದ್ದರು. ಎಂಥ ಕೈ ಎಂದು ನಾನು ಊರೆಲ್ಲ ಹೊಗಳಿಕೊಂಡು ತಿರುಗಿದೆ.

ಕೊನೆಗೊಂದು ಸಂಜೆ ಲೆನ್ಸು ಕೂತಿತು. ಎದುರು ರಸ್ತೆಯ ಕರೆಂಟು ಕಂಬ ನೋಡಿದೆ. ಎರಡು ಕಂಬ ಬಂದು ಪಕ್ಕಾ ಒಂದಾಯಿತು. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕಂಬದ ತುಕ್ಕು ಕೂಡ ಎಣಿಸುವ ಹಾಗಿತ್ತು. ಅವರೂ ನೋಡಲಿ ಎಂದು ಕ್ಯಾಮೆರಾ ಕೊಟ್ಟು, ಟೀ ಹೇಳಿಬರಲು ಹೋದೆ. ಬರುವಷ್ಟರಲ್ಲಿ ರಿಂಗು ಬಿಚ್ಚಿ ಅರ ಹಾಕಿ ಉಜ್ಜುತ್ತಿದ್ದರು.

"ಇನ್ನೂವೆ ಎರಡು ಕಾಣ್ತದೆ, ಒಸಿ ತೇಯ್ಬೇಕು," ಎಂದರು.

ಮತ್ತೆ ಹಾಕಿ ನೋಡಿದೆ. ಕೆಟ್ಟಿತ್ತು. ಈಗ ನಿಜಕ್ಕೂ ಎರಡು ಕಂಬ, ಎಷ್ಟು ತಿರುಗಿಸಿದರೂ ಕೂಡಲೊಲ್ಲವು. ಒಂದೂವರೆ ತಿಂಗಳ ಕೆಲಸ. ನನಗೆ ತಲೆ ಕೆಟ್ಟುಹೋಯಿತು. ಕ್ಯಾಮೆರಾ ಬೆಂಚಿನ ಮೇಲಿಟ್ಟು, "ಉಸ್ತಾದ್ರೇ, ಇದಿಲ್ದೆ ಬರೀ ಕಣ್ಣಲ್ಲಿ ನೋಡಿ. ಎಷ್ಟು ಕಂಬ ಇದೆ?" ಎಂದು ಕೇಳಿದೆ. ಸಿಟ್ಟಿಗೆ ಆಡಿದ ಮಾತು ಅದು.

ಅವರು ಅರವನ್ನು ಕೆಳಗಿಟ್ಟರು. ಕಣ್ಣು ಕಿರಿದು ಮಾಡಿ ಕಂಬದ ಕಡೆ ನೋಡಿದರು.

"ಎರಡೇ ಕಣಮ್ಮ. ಒಂದ್ ವರ್ಸದಿಂದ ನಂಗೆ ಎಲ್ಲಾನೂ ಎರಡೇ... ಮಗಳ್ಗೆ ಯೋಳ್ಬ್ಯಾಡ. ಅಂಗ್ಡಿಗೆ ಬೀಗ ಜಡುದ್ಬುಡ್ತಾಳೆ."

ವರ್ನಿಯರ್ ಗೋಡೆ ಬಿಟ್ಟು ಇಳಿಯದ ಕಾರಣ ಆಗ ತಿಳಿಯಿತು. ಅದರ ಗೆರೆಗಳು ಅವರಿಗೆ ಕಾಣುತ್ತಲೇ ಇರಲಿಲ್ಲ. ಎಡಗೈ ಹೆಬ್ಬೆರಳ ಮೇಲೆ ಮಾಯುತ್ತಿದ್ದ ಗಾಯಗಳನ್ನೂ ಅವತ್ತೇ ನಾನು ಕಣ್ಣಿಟ್ಟು ನೋಡಿದ್ದು. ಲೇತ್ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕಿಲ್ಲ, ನಿಜ. ಆದರೆ ತಿರುಗುವ ಲೇತಿಗೆ ಅಂಗಿಯ ತೋಳು ಸಿಕ್ಕಿದರೆ ಕೈಯೇ ಹೋಗುತ್ತದೆ. ಅವರ ಮಗಳು ಅದೇ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮಾರನೇ ದಿನ ಹೋಗಿ ಎಲ್ಲ ಹೇಳಿಬಿಟ್ಟೆ. ಒಂದು ನಿಮಿಷವೂ ಅನುಮಾನಿಸಲಿಲ್ಲ. ಇವತ್ತಾಗಿದ್ದರೂ ಹೇಳುತ್ತಿದ್ದೆ.

ಅವರು ಹೆದರಿದ ಹಾಗೆಯೇ ಅಂಗಡಿಗೆ ಬೀಗ ಬಿತ್ತು. ಮಗಳು ಎರಡೂ ಕಣ್ಣಿನ ಪೊರೆ ತೆಗೆಸಿದಳು. ಮೂರು ತಿಂಗಳ ನಂತರ ಉಸ್ತಾದರು ಬೀಗ ತೆಗೆದು ಮತ್ತೆ ಲೇತಿನ ಮುಂದೆ ನಿಂತರು. ಕೆಲವು ದಿನಕ್ಕೆ ಟೀ ಅಂಗಡಿಯವನು ನನ್ನ ಸ್ಟುಡಿಯೋಗೆ ಬಂದು ಅಂಗಡಿಯಲ್ಲೇ ಉಳಿದಿದ್ದ ನನ್ನ ಲೆನ್ಸನ್ನು ಬಟ್ಟೆ ಸುತ್ತಿ ಕೊಟ್ಟುಹೋದ. ಹೊಸ ಹಿತ್ತಾಳೆ ರಿಂಗು ಕೂತಿತ್ತು. ಕ್ಯಾಮೆರಾಕ್ಕೆ ಹಾಕಿ ನೋಡಿದರೆ ಹತ್ತಿರಕ್ಕೂ ದೂರಕ್ಕೂ ಒಂದು ಕೂದಲೆಳೆ ತಪ್ಪಿಲ್ಲ. ನಾನು ತೆಗೆದ ಒಳ್ಳೆಯ ಫೋಟೋಗಳೆಲ್ಲ ಆ ರಿಂಗಿನಿಂದ ಬಂದವು.

ಜೊತೆಗೆ ಒಂದು ಮಾತೂ ಹೇಳಿ ಕಳಿಸಿರಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು, ಬೈಯುತ್ತಲೂ ಇರಲಿಲ್ಲ. ಚಾಡಿ ಹೇಳಿದಳೆಂದು ಮುನಿಸು ಎಂದುಕೊಂಡೆ. ಒಳ್ಳೆಯದು ಮಾಡಿದವಳು ನಾನು, ಅವರೇ ಮೊದಲು ಮಾತಾಡಿಸಲಿ ಎಂದು ನಾನೂ ಬಿಗಿದುಕೊಂಡೆ. ಹಾಗೇ ಎರಡು ವರ್ಷ ಹೋಯಿತು...

ಉಸ್ತಾದರು ತೀರಿಹೋದಾಗ ನಾನು ಮದುವೆ ಕೆಲಸದ ಮೇಲೆ ಬೇರೆ ಊರಲ್ಲಿದ್ದೆ, ಸುದ್ದಿ ತಿಳಿದದ್ದು ಹತ್ತು ದಿನ ಕಳೆದ ಮೇಲೆ. ಮಣ್ಣಿಗೂ ಹೋಗಲಿಲ್ಲ. ಮಗಳ ಹತ್ತಿರ ಹೋಗಿ, ನಿಮ್ಮಪ್ಪನಿಗೆ ನನ್ನ ಮೇಲೆ ಕೊನೆವರೆಗೂ ಕೋಪ ಇತ್ತಲ್ಲ ಎಂದೆ.

"ಕೋಪ ಎಲ್ಲಿ ಬತ್ತು ಅಕ್ಕ. ಕೂತಿದ್ ರಿಂಗ ನಾನೇ ತೇದು ಕೆಡಿಸ್ದೆ, ಆಯಮ್ಮನ್ಗೆ ಎಂಗ್ ಮೊಕ ತೋರ್ಸ್ಲಿ ಅಂತ ನಾಚ್ಕೆ ನಮ್ ಅಬ್ಬಾಗೆ. ನೀವೇ ಬತ್ತೀರ ಅಂತ ದಿನಾ ಸಂಜೆ ಕಾಯೋರು."

ಅವರ ಗುಟ್ಟು ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ನನ್ನ ಸ್ಟುಡಿಯೋದಿಂದ ಅವರ ಅಂಗಡಿಗೆ ಐದು ನಿಮಿಷದ ದಾರಿ. ಎರಡು ವರ್ಷದಲ್ಲಿ ಒಂದು ಸಂಜೆಯೂ ನಾನು ಹೋಗಲಿಲ್ಲ.